ಹಳೆಯ ರೆಕಾರ್ಡ್ ಪ್ಲೇಯರಿನ ಒಡಕು ದನಿ

ಗ್ರಾಮಫೋನ್ ತಟ್ಟೆಯ ದನಿ ಕೆಟ್ಟಿದೆ ಎಂದು ದೂರುವವರು ಬಳಸುವ ಪದಗಳಲ್ಲೇ ದೋಷದ ಗುರುತು ಅರ್ಧದಷ್ಟು ಅಡಗಿರುತ್ತದೆ. ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಎನ್ನುವ ಸದ್ದು ಧೂಳಿನದು ಅಥವಾ ಗೀರಿನದು. ಮುಳ್ಳನ್ನು ಎತ್ತಿದರೂ ನಿಲ್ಲದ ಗುಂಯ್ ಎನ್ನುವ ಸದ್ದು ಅರ್ಥ್ ತಂತಿಯದು ಅಥವಾ ವಿದ್ಯುತ್ ಪೂರೈಕೆಯ ಭಾಗದ್ದು. ಶ್ರುತಿ ಏರುತ್ತ ಇಳಿಯುತ್ತ ದನಿ ಜೋಲಿ ಹೊಡೆಯುವುದು ವೇಗದ ದೋಷ. ಜೋರಾದ ಸ್ವರಗಳಲ್ಲಿಯೂ ಸ, ಶ, ಚ ಅಕ್ಷರಗಳಲ್ಲಿಯೂ ದನಿ ಕಾಗದ ಹರಿದಂತೆ ಕರಕರ ಎನ್ನುವುದು ಮಾತ್ರ ನಿಜವಾದ ಒಡಕು, ಅಂದರೆ ತಟ್ಟೆಯಲ್ಲಿ ಕೊರೆದಿರುವ ಅಲೆಯ ಆಕಾರಕ್ಕೂ ಸ್ಪೀಕರಿನಿಂದ ಹೊರಡುವ ಅಲೆಯ ಆಕಾರಕ್ಕೂ ಹೊಂದಿಕೆ ತಪ್ಪಿದ ಸ್ಥಿತಿ. ಈ ನಾಲ್ಕನ್ನು ಕಿವಿಯಲ್ಲಿ ಬೇರ್ಪಡಿಸಿಕೊಳ್ಳದೆ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದವರು ಸಾಮಾನ್ಯವಾಗಿ ಸರಿಯಿದ್ದ ಭಾಗವನ್ನೂ ಕೆಡಿಸುತ್ತಾರೆ.

ಚೆನ್ನೈ–ಸೇಲಂ ರೈಲು ಮಾರ್ಗದ ಮೇಲಿರುವ ಮೊರಪ್ಪೂರಿನಲ್ಲಿ ಮತ್ತು ಧರ್ಮಪುರಿ, ಸೇಲಂ ಜಿಲ್ಲೆಗಳ ಇತರ ಊರುಗಳಲ್ಲಿ, ಮನೆಯೊಳಗೆ ಕನ್ನಡವಾಡುತ್ತ ಶಾಲೆಯಲ್ಲಿ ತಮಿಳು ಕಲಿತ ಕುಟುಂಬಗಳ ಅಟ್ಟಗಳಲ್ಲಿ ಇಂಥ ಯಂತ್ರಗಳು ಇಂದಿಗೂ ಸಿಗುವುದುಂಟು. ಎಚ್‌ಎಂವಿಯ ಫಿಯೆಸ್ಟಾ, ಕ್ಯಾಲಿಪ್ಸೊ ಹೆಸರಿನ ಪೆಟ್ಟಿಗೆ ಪ್ಲೇಯರುಗಳು, ಫಿಲಿಪ್ಸ್ ಯಂತ್ರಗಳು, ಆಮೇಲಿನ ಕಾಲದ ಕಾಸ್ಮಿಕ್ ಮತ್ತು ಸೋನೋಡೈನ್ ಟರ್ನ್‌ಟೇಬಲ್‌ಗಳು ಈ ಸಾಲಿನವು. ಅವುಗಳ ಜೊತೆಗಿನ ಟ್ರಂಕಿನಲ್ಲಿ ರಾಜಕುಮಾರ್ ಚಿತ್ರಗಳ ಹಾಡಿನ ತಟ್ಟೆಗಳೂ ಸೇಲಂನ ಮಾಡರ್ನ್ ಥಿಯೇಟರ್ಸ್ ಚಿತ್ರಗಳ ತಮಿಳು ಹಾಡುಗಳೂ ಒಂದರ ಮೇಲೊಂದು ಕೂತಿರುವುದು ಅಸಹಜವಲ್ಲ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಮೂಲಕ ಕನ್ನಡ ಭಾವಗೀತೆ ಧ್ವನಿಸುರುಳಿಗೆ ಬಂದ ಮೇಲೆ ಈ ಯಂತ್ರಗಳು ಮೆಲ್ಲಗೆ ಮೂಲೆ ಸೇರಿದವು. ಹಾಗೆ ಹಲವು ದಶಕ ಹೆಂಚಿನ ಅಥವಾ ಶೀಟಿನ ಮಾಡಿನ ಕೆಳಗೆ, ಬೇಸಿಗೆಯ ಬಿಸಿಯಲ್ಲಿ ಮತ್ತು ಅಕ್ಟೋಬರ್–ನವೆಂಬರ್ ತಿಂಗಳ ಹಿಂಗಾರು ಮಳೆಯ ತೇವದಲ್ಲಿ ಬಿದ್ದಿದ್ದ ಯಂತ್ರದಲ್ಲಿ ಕೆಡುವ ಭಾಗಗಳೇ ಬೇರೆ, ದಿನವೂ ಬಳಸಿ ಸವೆದ ಯಂತ್ರದಲ್ಲಿ ಕೆಡುವ ಭಾಗಗಳೇ ಬೇರೆ. ವಿದೇಶದ ಕೈಪಿಡಿಗಳು ಎರಡನೆಯದನ್ನು ಕುರಿತು ಬಹಳ ಹೇಳುತ್ತವೆ. ಇಲ್ಲಿಯವರಿಗೆ ಹೆಚ್ಚು ಬೇಕಾದದ್ದು ಮೊದಲನೆಯದು.

ಮೊದಲು ತಟ್ಟೆ ಮತ್ತು ಮುಳ್ಳಿನ ಜೋಡಿ ಸರಿಯಿದೆಯೇ ಎಂದು ನೋಡಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಕರಿ ತಟ್ಟೆಗಳು ಅರಗಿನವು, ಅಂದರೆ ಅರಗಿನ ಹುಳು ಸ್ರವಿಸುವ ಅಂಟಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದವು. 1948ರಲ್ಲಿ ಬಂದ 33⅓ ಸುತ್ತಿನ ಎಲ್‌ಪಿ ಮತ್ತು 1949ರಲ್ಲಿ ಬಂದ 45 ಸುತ್ತಿನ ಚಿಕ್ಕ ತಟ್ಟೆಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಅರಗಿನ ತಟ್ಟೆಯ ಮೇಲೆ ಹಾಡನ್ನು ಹೊತ್ತ ಸಾಲು ಅಗಲವಾದದ್ದರಿಂದ ಅದಕ್ಕೆ ಸುಮಾರು 75 ಮೈಕ್ರಾನ್ ತ್ರಿಜ್ಯದ ದಪ್ಪ ತುದಿಯ ಮುಳ್ಳು ಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಏಕದನಿಯ ಎಲ್‌ಪಿಗೆ ಸುಮಾರು 25, ಸ್ಟೀರಿಯೊ ತಟ್ಟೆಗೆ ಸುಮಾರು 18 ಮೈಕ್ರಾನಿನ ತುದಿ ಸಾಕು. ಪೆಟ್ಟಿಗೆ ಪ್ಲೇಯರುಗಳಲ್ಲಿ ಮುಳ್ಳನ್ನು ಹಿಡಿದ ಪುಟ್ಟ ಕಡ್ಡಿಯನ್ನು ತಿರುಗಿಸಿ ಒಂದು ಬದಿಗೆ 78, ಇನ್ನೊಂದು ಬದಿಗೆ ಎಲ್‌ಪಿ ಎಂದು ಬದಲಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ, ಮತ್ತು ಒಡಕು ದನಿಯ ಎಷ್ಟೋ ದೂರುಗಳು ಆ ಕಡ್ಡಿಯನ್ನು ಸರಿಯಾದ ಬದಿಗೆ ತಿರುಗಿಸಿದ ಕೂಡಲೇ ಮುಗಿಯುತ್ತವೆ. ದಪ್ಪ ತುದಿ ಎಲ್‌ಪಿಯ ಸಾಲಿನ ಒಳಗಿಳಿಯದೆ ಅಂಚಿನ ಮೇಲೆಯೇ ತೆವಳುತ್ತದೆ. ಸಣ್ಣ ತುದಿ ಅರಗಿನ ತಟ್ಟೆಯ ಸಾಲಿನ ತಳಕ್ಕಿಳಿದು ಅಲ್ಲಿಯ ಕಸದಲ್ಲಿ ಉರುಳಾಡುತ್ತದೆ. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ವಿನೈಲ್ ತಟ್ಟೆಗೆ ಒಮ್ಮೆ ತಾಕಿಸಿದರೂ ಆ ತಟ್ಟೆ ಕೆಟ್ಟಿತೆಂದೇ ಎಣಿಸಬೇಕು.

ಎರಡನೆಯ ಪರೀಕ್ಷೆಗೆ ಸಲಕರಣೆ ಬೇಡ, ತಾಳ್ಮೆ ಬೇಕು. ಒಂದೇ ತಟ್ಟೆಯಲ್ಲಿ ಒಡಕಿದ್ದು ಬೇರೆ ತಟ್ಟೆಗಳು ಸ್ವಚ್ಛವಾಗಿ ಕೇಳಿದರೆ ದೋಷ ಯಂತ್ರದ್ದಲ್ಲ. ಎಲ್ಲ ತಟ್ಟೆಗಳಲ್ಲೂ ಒಡಕಿದ್ದರೆ ಅದು ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿದೆಯೋ ಅಥವಾ ಮುಳ್ಳು ಒಳಕ್ಕೆ ಸರಿದಂತೆ ಹೆಚ್ಚುತ್ತದೆಯೋ ಎಂಬುದನ್ನು ಗಮನಿಸಬೇಕು, ಏಕೆಂದರೆ ಈ ವ್ಯತ್ಯಾಸವೇ ಮುಂದಿನ ದಾರಿಯನ್ನು ತೋರಿಸುತ್ತದೆ. ಎಲ್‌ಪಿಯ ಹೊರ ಅಂಚಿನಲ್ಲಿ ಸಾಲು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಹಾಯುತ್ತದೆ; ಒಳಗಿನ ಕೊನೆಯ ಹಾಡಿನ ಹೊತ್ತಿಗೆ, ಸುತ್ತಳತೆ ಕಿರಿದಾಗಿ, ಅದೇ ಒಂದು ಸೆಕೆಂಡಿನಲ್ಲಿ ಸುಮಾರು 21 ಸೆಂಟಿಮೀಟರ್ ಮಾತ್ರ. ಹೊರಗೆ ಹರವಾಗಿ ಬರೆದದ್ದನ್ನು ಒಳಗೆ ಇಕ್ಕಟ್ಟಿನಲ್ಲಿ ಬರೆದಿರುವುದರಿಂದ ಸವೆದ ಮುಳ್ಳು, ತಪ್ಪಾಗಿ ಕೂರಿಸಿದ ಕಾರ್ಟ್ರಿಜ್, ಕಡಿಮೆ ತೂಕ ಇವೆಲ್ಲ ಕೊನೆಯ ಹಾಡಿನಲ್ಲೇ ಮೊದಲು ಬಯಲಾಗುತ್ತವೆ. ಹೀಗೆ ಒಳಕ್ಕೆ ಹೋದಂತೆ ಹೆಚ್ಚುವ ಒಡಕು ಮುಳ್ಳು ಮತ್ತು ಟೋನ್ ಆರ್ಮಿಗೆ, ಅಂದರೆ ಮುಳ್ಳನ್ನು ಹೊತ್ತ ತೋಳಿಗೆ ಸಂಬಂಧಿಸಿದ್ದು; ಆದಿಯಿಂದ ಅಂತ್ಯದವರೆಗೆ ಒಂದೇ ಮಟ್ಟದಲ್ಲಿರುವ ಒಡಕು ಕಾರ್ಟ್ರಿಜ್, ಆಂಪ್ಲಿಫೈಯರ್ ಅಥವಾ ಸ್ಪೀಕರಿಗೆ ಸಂಬಂಧಿಸಿದ್ದು. ನಾಗಸ್ವರದ ತಟ್ಟೆಯೊಂದು ಮನೆಯಲ್ಲಿದ್ದರೆ ಈ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ, ಏಕೆಂದರೆ ಅಷ್ಟು ಜೋರಾದ, ತೀಕ್ಷ್ಣವಾದ ನಾದವನ್ನು ದುರ್ಬಲ ಮುಳ್ಳು ಹಿಂಬಾಲಿಸಲಾರದು.

ಮುಳ್ಳನ್ನು ನೋಡುವುದಕ್ಕೆ ಮುಂಚೆ ಅದನ್ನು ಶುಚಿ ಮಾಡಬೇಕು. ತುದಿಗೆ ಅಂಟಿದ ಹತ್ತಿಯಂಥ ಧೂಳಿನ ಉಂಡೆ ಮುಳ್ಳನ್ನು ಸಾಲಿನಿಂದ ಮೇಲಕ್ಕೆತ್ತಿ ಹಿಡಿದು ಒಡಕನ್ನು ಹುಟ್ಟಿಸುತ್ತದೆ. ಮೃದುವಾದ ಕುಂಚದಿಂದ ತೋಳಿನ ಬುಡದ ಕಡೆಯಿಂದ ಮುಂದಕ್ಕೆ ಮಾತ್ರ ಸವರಬೇಕೇ ಹೊರತು ಅಡ್ಡಡ್ಡ ಉಜ್ಜಬಾರದು, ಬೆರಳಂತೂ ತಾಕಲೇಬಾರದು. ನೀಲಮಣಿಯ ತುದಿಯ ಮುಳ್ಳು ನೂರು ಗಂಟೆಯ ಒಳಗೇ ಸವೆಯುತ್ತದೆ. ವಜ್ರದ ತುದಿ 500ರಿಂದ 1000 ಗಂಟೆ ಬಾಳುತ್ತದೆ. ಸವೆತ ಬರಿಗಣ್ಣಿಗೆ ಕಾಣುವುದಿಲ್ಲ, ಅಂಗಡಿಯ ಭೂತಗನ್ನಡಿಗೂ ಸರಿಯಾಗಿ ಕಾಣುವುದಿಲ್ಲ. ನೂರು ಪಟ್ಟಿಗಿಂತ ಹೆಚ್ಚು ಹಿಗ್ಗಿಸುವ ಶಾಲಾ ಸೂಕ್ಷ್ಮದರ್ಶಕದಲ್ಲಿ ತುದಿಯ ಎರಡು ಮಗ್ಗುಲಲ್ಲಿ ಹೊಳೆಯುವ ಚಪ್ಪಟೆ ಮುಖಗಳು ತೋರಿದರೆ ಅದು ಮುಳ್ಳಲ್ಲ, ಉಳಿ. ಎಷ್ಟು ಗಂಟೆ ಓಡಿದೆಯೆಂದು ಯಾರಿಗೂ ತಿಳಿಯದ ಮುಳ್ಳನ್ನು ಬದಲಿಸಿಬಿಡುವುದೇ ಲೇಸು. ಉಳಿದ ದುರಸ್ತಿಗಳ ಬಗ್ಗೆ ಇಷ್ಟು ಧಾರಾಳವಾಗಿ ಸಲಹೆ ಕೊಡಲಾಗದು.

ಮುಳ್ಳು ಹೊಸದಾಗಿಯೂ ದನಿ ಸಣ್ಣಗೆ, ತಗಡು ಬಡಿದಂತೆ ಅಥವಾ ಮೂಗಿನಲ್ಲಿ ಹಾಡಿದಂತೆ ಇದ್ದರೆ ಕಾರ್ಟ್ರಿಜ್ಜನ್ನು, ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಪುಟ್ಟ ಡಬ್ಬಿಯನ್ನು ಶಂಕಿಸಬೇಕು. ಹಳೆಯ ಅಗ್ಗದ ಯಂತ್ರಗಳಲ್ಲಿರುವ ಕ್ರಿಸ್ಟಲ್ ಕಾರ್ಟ್ರಿಜ್ಜಿನೊಳಗೆ ರೋಷೆಲ್ ಲವಣದ ತೆಳು ಹಲ್ಲೆಯಿರುತ್ತದೆ. ಅದನ್ನು ಬಾಗಿಸಿದಾಗ ವಿದ್ಯುತ್ ಹುಟ್ಟುತ್ತದೆ. ಈ ಲವಣ ನೀರಿನಲ್ಲಿ ಕರಗುವಂಥದು. ಗಾಳಿಯ ತೇವ ಬಹಳ ಹೆಚ್ಚಿದರೆ ಅದು ನೀರೊಡೆಯುತ್ತದೆ, ಬಹಳ ಇಳಿದರೆ ತನ್ನೊಳಗಿನ ನೀರನ್ನು ಕಳೆದುಕೊಂಡು ಪುಡಿಯಾಗುತ್ತದೆ, ಮತ್ತು ಸುಮಾರು 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪೂರ್ತಿ ಹಾಳಾಗುತ್ತದೆ. ನೆರಳಿನಲ್ಲಿ 40 ಡಿಗ್ರಿಯ ಸಮೀಪ ಮುಟ್ಟುವ ಧರ್ಮಪುರಿಯ ಏಪ್ರಿಲ್ ತಿಂಗಳಲ್ಲಿ ಕಾದ ಶೀಟಿನ ಅಡಿಯಲ್ಲಿ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಅದು ಬದುಕುಳಿದಿದ್ದರೆ ಆಶ್ಚರ್ಯಪಡಬೇಕು. ಇಂಥ ಕಾರ್ಟ್ರಿಜ್ಜಿಗೆ ರಿಪೇರಿಯಿಲ್ಲ. ಅದರ ಜಾಗದಲ್ಲಿ ಅದೇ ಅಳತೆಯ ಸೆರಾಮಿಕ್ ಕಾರ್ಟ್ರಿಜ್ಜನ್ನು ಕೂರಿಸುವುದೇ ದಾರಿ. ಇದೂ ಬಾಗಿಸಿದಾಗ ವಿದ್ಯುತ್ ಕೊಡುವ ವಸ್ತುವೇ ಆದರೂ ಸುಟ್ಟ ಪಿಂಗಾಣಿಯ ಜಾತಿಯದಾದ್ದರಿಂದ ತೇವಕ್ಕೂ ಬಿಸಿಗೂ ಸುಲಭವಾಗಿ ಸೋಲುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆ ಮತ್ತು ಚೆನ್ನೈನ ರಿಚಿ ಸ್ಟ್ರೀಟ್ ಎರಡೂ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಗಳಾಗಿದ್ದು ಮೊರಪ್ಪೂರಿನವರು ಎರಡು ದಿಕ್ಕಿನಲ್ಲೂ ಹುಡುಕಬಹುದು. ಆದರೆ ಹಳೆಯ ಕಾರ್ಟ್ರಿಜ್ಜನ್ನು ಕೈಯಲ್ಲಿ ಹಿಡಿದೇ ಹೋಗಬೇಕು, ಏಕೆಂದರೆ ಹಿಡಿಕೆಯ ಆಕಾರದಲ್ಲಿ ಒಂದು ಯಂತ್ರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಏಕದನಿಯ ಹಳೆಯ ಕಾರ್ಟ್ರಿಜ್ಜುಗಳಲ್ಲಿ ಇನ್ನೊಂದು ಮಿತಿಯಿದೆ. ಸ್ಟೀರಿಯೊ ತಟ್ಟೆಯ ಸಾಲು ಮುಳ್ಳನ್ನು ಅಕ್ಕಪಕ್ಕಕ್ಕಲ್ಲದೆ ಮೇಲೆ ಕೆಳಗೂ ಆಡಿಸುತ್ತದೆ; ಮೇಲೆ ಕೆಳಗೆ ಬಗ್ಗದ ಬಿರುಸಾದ ಮುಳ್ಳು ಅಲ್ಲಿ ಒಡಕು ದನಿಯನ್ನೂ ಕೊಡುತ್ತದೆ, ಸಾಲನ್ನೂ ಕೆರೆಯುತ್ತದೆ.

ಮುಳ್ಳು ತಟ್ಟೆಯ ಮೇಲೆ ಊರುವ ತೂಕದ ವಿಷಯದಲ್ಲಿ ಎಲ್ಲೆಡೆ ಹಬ್ಬಿರುವ ತಪ್ಪು ತಿಳಿವಳಿಕೆಯೆಂದರೆ ಹಗುರವಾದಷ್ಟೂ ತಟ್ಟೆಗೆ ಒಳ್ಳೆಯದು ಎಂಬುದು. ವಾಸ್ತವದಲ್ಲಿ ತೂಕ ಸಾಲದ ಮುಳ್ಳು ಜೋರಾದ ಸ್ವರ ಬಂದಾಗ ಸಾಲಿನ ಗೋಡೆಯನ್ನು ಬಿಟ್ಟು ನೆಗೆದು ಮತ್ತೆ ಅಪ್ಪಳಿಸುತ್ತದೆ, ಮತ್ತು ಆ ಅಪ್ಪಳಿಕೆಯೇ ಕರಕರ ಎಂದು ಕೇಳುವುದು. ಸಾಲಿಗೆ ಅದು ಮಾಡುವ ಗಾಯ ಒಂದರ್ಧ ಗ್ರಾಂ ಹೆಚ್ಚುವರಿ ತೂಕಕ್ಕಿಂತ ದೊಡ್ಡದು. ಸೆರಾಮಿಕ್ ಕಾರ್ಟ್ರಿಜ್ಜಿಗೆ ಸಾಮಾನ್ಯವಾಗಿ 3ರಿಂದ 6 ಗ್ರಾಂ, ಅಯಸ್ಕಾಂತವನ್ನು ಅಲುಗಾಡಿಸಿ ವಿದ್ಯುತ್ ಪಡೆಯುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೆ ಸಾಮಾನ್ಯವಾಗಿ ಒಂದೂವರೆಯಿಂದ 3 ಗ್ರಾಂ ಬೇಕು. ತೋಳಿನ ಹಿಂದಿನ ಸ್ಪ್ರಿಂಗು ಸಡಿಲಿದೆಯೋ ಬಿಗಿದಿದೆಯೋ ಎಂಬುದನ್ನು ಊಹಿಸುವ ಬದಲು ಅಕ್ಕಸಾಲಿಗರು ಬಳಸುವಂಥ, ಗ್ರಾಂನ ನೂರರಲ್ಲೊಂದು ಪಾಲನ್ನೂ ತೋರಿಸುವ ಅಂಗೈಯಗಲದ ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿ ನೋಡಬಹುದು. ಮುಳ್ಳು ನಿಲ್ಲುವ ಎತ್ತರ ತಟ್ಟೆಯ ಎತ್ತರದಷ್ಟೇ ಇರಬೇಕು. ತಕ್ಕಡಿಯ ತಟ್ಟೆ ಕಬ್ಬಿಣದ್ದಾದರೆ ಕಾರ್ಟ್ರಿಜ್ಜಿನ ಅಯಸ್ಕಾಂತ ಅದನ್ನು ಸೆಳೆದು ಸುಳ್ಳು ಲೆಕ್ಕ ಕೊಡುತ್ತದೆಂಬುದನ್ನೂ ಮರೆಯಬಾರದು. ಮುಳ್ಳು ಹಾರುತ್ತದೆಂದು ತೋಳಿನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸುವ ಹಳೆಯ ಉಪಾಯ ಹೊತ್ತು ತಳ್ಳುವುದಕ್ಕಾಯಿತೇ ಹೊರತು ಪರಿಹಾರವಲ್ಲ, ಏಕೆಂದರೆ 2011ರ ಮಾದರಿಯ ಆ ನಾಣ್ಯದ ತೂಕವೇ ಸುಮಾರು 3.8 ಗ್ರಾಂ; ಮುಳ್ಳು ಹಾರುವುದಕ್ಕೆ ಕಾರಣ ಹೆಚ್ಚಾಗಿ ತೋಳಿನ ಕೀಲಿನಲ್ಲಿ ಗಟ್ಟಿಯಾದ ಗ್ರೀಸು.

ತೋಳು ತಟ್ಟೆಯ ಮೇಲೆ ಒಳಕ್ಕೆ ಸರಿಯುವಾಗ ಅದನ್ನು ನಡುವಿನ ಕಡೆಗೆ ಎಳೆಯುವ ಬಲವೊಂದು ಹುಟ್ಟುತ್ತದೆ; ಅದರಿಂದ ಮುಳ್ಳು ಸಾಲಿನ ಒಳಗೋಡೆಗೆ ಒರಗಿ ಹೊರಗೋಡೆಯ ಹಿಡಿತವನ್ನು ಕಳೆದುಕೊಳ್ಳುತ್ತದೆ. ಸ್ಟೀರಿಯೊ ತಟ್ಟೆಯಲ್ಲಿ ಬಲಗಡೆಯ ಸ್ಪೀಕರಿನ ದನಿ ಹೊರಗೋಡೆಯಲ್ಲಿರುವುದರಿಂದ ಬಲಗಡೆಯಲ್ಲಿ ಮಾತ್ರ ಒಡಕು ಕೇಳಿದರೆ ಈ ಎಳೆತಕ್ಕೆ ಎದುರು ಬಲ ಕೊಡುವ ಆಂಟಿ–ಸ್ಕೇಟಿಂಗ್ ತಿರುಪನ್ನು ಸರಿಹೊಂದಿಸಬೇಕು. ಕಾರ್ಟ್ರಿಜ್ಜನ್ನು ಬದಲಿಸಿದವರು ಅದು ಸಾಲಿಗೆ ನೇರವಾಗಿ ನಿಂತಿದೆಯೇ ಎಂಬುದನ್ನು ಅಳತೆಯ ಕಾಗದದ ಮೇಲೆ ನೋಡಿಕೊಳ್ಳಬೇಕು. ಕಮಾನಿನಲ್ಲಿ ಚಲಿಸುವ ತೋಳು ಇಡೀ ತಟ್ಟೆಯಲ್ಲಿ ಎರಡೇ ಬಿಂದುಗಳಲ್ಲಿ ಪೂರ್ತಿ ನೇರವಾಗಬಲ್ಲದು, ಬಹಳ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಅವು ನಡುವಿನಿಂದ ಸುಮಾರು 66 ಮತ್ತು 121 ಮಿಲಿಮೀಟರ್ ದೂರದಲ್ಲಿರುತ್ತವೆ. ತಿರುಪುಗಳಿಲ್ಲದ ಪೆಟ್ಟಿಗೆ ಪ್ಲೇಯರಿನವರಿಗೆ ಈ ತಾಪತ್ರಯವಿಲ್ಲ.

ಈಚೆಗೆ ಹೆಚ್ಚು ಕಾಣುವ ಒಡಕು ಮಾತ್ರ ಇವುಗಳಲ್ಲಿ ಯಾವುದರದೂ ಅಲ್ಲ. ಹಳೆಯ ಯಂತ್ರವನ್ನು ಹೊಸ ಆಂಪ್ಲಿಫೈಯರಿಗೆ ಜೋಡಿಸುವ ತಪ್ಪಿನದು. ತಟ್ಟೆ ಕೊರೆಯುವಾಗ ಮಂದ್ರ ಸ್ವರಗಳನ್ನು ಕುಗ್ಗಿಸಿ ತಾರ ಸ್ವರಗಳನ್ನು ಹೆಚ್ಚಿಸುವ ರೂಢಿಯಿದೆ. 1954ರ ಸುಮಾರಿಗೆ ಅದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ನಿಂತಿತು. ನುಡಿಸುವಾಗ ಅದನ್ನು ತಿರುಗುಮುರುಗು ಮಾಡುವುದು ಆಂಪ್ಲಿಫೈಯರಿನ ಫೋನೊ ಎಂಬ ತೂತಿನ ಕೆಲಸ, ಮತ್ತು ಆ ತೂತು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜು ಕೊಡುವ 3ರಿಂದ 5 ಮಿಲಿವೋಲ್ಟಿನ ಕ್ಷೀಣ ಸಂಕೇತಕ್ಕಾಗಿ ಮಾಡಿದ್ದು. ಸೆರಾಮಿಕ್ ಕಾರ್ಟ್ರಿಜ್ಜು ನೂರಾರು ಮಿಲಿವೋಲ್ಟ್ ಕೊಡುತ್ತದೆ. ಅದನ್ನು ಫೋನೊ ತೂತಿಗೆ ಚುಚ್ಚಿದರೆ ತೊಟ್ಟಿಕ್ಕುವ ನಲ್ಲಿಗೆ ಇಟ್ಟ ಲೋಟಕ್ಕೆ ಕೆರೆಯ ತೂಬನ್ನೇ ಎತ್ತಿದಂತಾಗಿ ದನಿ ಮೊದಲ ಸ್ವರದಿಂದಲೇ ಒಡೆಯುತ್ತದೆ. ಪ್ಲೇಯರಿನೊಳಗೇ ಫೋನೊ ಹಂತವನ್ನು ಅಳವಡಿಸಿರುವ ಹೊಸ ಯಂತ್ರಗಳನ್ನು ಮತ್ತೆ ಫೋನೊ ತೂತಿಗೆ ಜೋಡಿಸಿದರೂ ಇದೇ ಗತಿ. ಅವುಗಳ ಹಿಂಭಾಗದ ಸ್ವಿಚ್ಚನ್ನು ಲೈನ್ ಕಡೆಗೆ ತಿರುಗಿಸಿದವರು ಆಂಪ್ಲಿಫೈಯರಿನಲ್ಲಿಯೂ ಆಕ್ಸ್ ತೂತನ್ನೇ, ಅಂದರೆ ಫೋನೊ ಹಂತವಿಲ್ಲದ ಸಾಮಾನ್ಯ ತೂತನ್ನೇ ಬಳಸಬೇಕು.

ಸೆರಾಮಿಕ್ ಕಾರ್ಟ್ರಿಜ್ಜನ್ನು ಆಕ್ಸ್ ತೂತಿಗೆ ಜೋಡಿಸಿದರೆ ಒಡಕು ಹೋಗುತ್ತದೆ, ಆದರೆ ಮೃದಂಗ ಮಾಯವಾಗಿ ಹಾಡು ತೆಳ್ಳಗೆ, ಕೆರೆದಂತೆ ಕೇಳುತ್ತದೆ. ಇದಕ್ಕೆ ಕಾರಣವಿದೆ. ಸೆರಾಮಿಕ್ ಹಲ್ಲೆ ವಿದ್ಯುತ್ತಿನ ದೃಷ್ಟಿಯಿಂದ ಪುಟ್ಟ ಕೆಪಾಸಿಟರಿನಂತೆ ವರ್ತಿಸುವುದರಿಂದ ಅದರ ಮುಂದಿರುವ ಪ್ರತಿರೋಧ ಒಂದೆರಡು ಮೆಗಾಓಮ್ ಇದ್ದರೆ ಮಾತ್ರ ಮಂದ್ರ ಸ್ವರಗಳು ದಾಟುತ್ತವೆ, ಆದರೆ ಇಂದಿನ ಆಂಪ್ಲಿಫೈಯರುಗಳಲ್ಲಿ ಅದು ಕೆಲವು ಹತ್ತು ಸಾವಿರ ಓಮ್ ಮಾತ್ರ. 800 ಪಿಕೊಫ್ಯಾರಡ್ ಧಾರಣೆಯ ಹಲ್ಲೆಯ ಮುಂದೆ 47 ಸಾವಿರ ಓಮ್ ಇದ್ದರೆ ಸುಮಾರು 4 ಸಾವಿರ ಹರ್ಟ್ಜ್‌ನಿಂದಲೇ ಕೆಳಗಿನ ಸ್ವರಗಳು ಇಳಿಯತೊಡಗುತ್ತವೆ. 2 ಮೆಗಾಓಮ್ ಇದ್ದರೆ ಆ ಗಡಿ ಸುಮಾರು 100 ಹರ್ಟ್ಜ್‌ಗೆ ಸರಿಯುತ್ತದೆ. ಅಷ್ಟು ಪ್ರತಿರೋಧವನ್ನು ಒದಗಿಸುವ, ಒಂದು ಎಫ್‌ಇಟಿ ಟ್ರಾನ್ಸಿಸ್ಟರಿನ ಪುಟ್ಟ ಮಂಡಲವನ್ನು ನಡುವೆ ಹಾಕಿಕೊಡುವುದು ರೇಡಿಯೊ ರಿಪೇರಿ ಬಲ್ಲವರಿಗೆ ಅರ್ಧ ಗಂಟೆಯ ಕೆಲಸ, ಮತ್ತು ಹಳೆಯ ಪ್ಲೇಯರಿಗೆ ಮಾಡಬಹುದಾದ ಖರ್ಚುಗಳಲ್ಲಿ ಇಷ್ಟು ಫಲ ಕೊಡುವುದು ಮುಳ್ಳಿನ ಬದಲಾವಣೆಯನ್ನು ಬಿಟ್ಟರೆ ಬೇರೊಂದಿಲ್ಲ.

ವೇಗದ ದೋಷವನ್ನು ಒಡಕೆಂದು ಭ್ರಮಿಸುವವರೂ ಇದ್ದಾರೆ. ತಟ್ಟೆಯ ಅಂಚಿನಲ್ಲಿ ಕಾಗದದ ಚೂರಿಟ್ಟು ಗಡಿಯಾರ ನೋಡುತ್ತ ಎಣಿಸಿದರೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬಂದಾಗ ಎಲ್‌ಪಿ ವೇಗ ಸರಿಯಿದೆ. ಏರಿಳಿತ ಪ್ರತಿ 1.8 ಸೆಕೆಂಡಿಗೊಮ್ಮೆ ಮರುಕಳಿಸಿದರೆ ಅದು ತಟ್ಟೆಯ ಒಂದು ಸುತ್ತಿನ ಕಾಲವಾದ್ದರಿಂದ ತಟ್ಟೆ ಸೊಟ್ಟಗಾಗಿದೆ ಅಥವಾ ನಡುವಿನ ತೂತು ಪಕ್ಕಕ್ಕಿದೆ. ಸೆಕೆಂಡಿಗೆ ಹಲವು ಬಾರಿ ನಡುಗಿದರೆ ಮೋಟಾರಿನಿಂದ ತಟ್ಟೆಗೆ ಚಲನೆ ಕೊಡುವ ರಬ್ಬರ್ ಚಕ್ರ ಗಟ್ಟಿಯಾಗಿ ಒಂದು ಕಡೆ ಚಪ್ಪಟೆಯಾಗಿದೆ. ಯಂತ್ರವನ್ನು ನಿಲ್ಲಿಸುವಾಗ ವೇಗದ ಗುಬ್ಬಿಯನ್ನು ಸೊನ್ನೆಗೆ ತಾರದೆ ವರ್ಷಗಟ್ಟಲೆ ಬಿಟ್ಟದ್ದರ ಫಲ ಇದು. ಸಂಜೆ ವೋಲ್ಟೇಜ್ ಇಳಿದಾಗ ಮಾತ್ರ ಹಾಡು ಜಗ್ಗಿದರೆ ಯಂತ್ರವನ್ನು ದೂರಬೇಕಿಲ್ಲ, ಸಣ್ಣ ಇಂಡಕ್ಷನ್ ಮೋಟಾರುಗಳ ಸ್ವಭಾವವೇ ಹಾಗೆ. ಮೋಟಾರಿನ ಕಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಮಾರ್ಗಶಿರದ ಬೆಳಗಿನಲ್ಲಿ ಯಂತ್ರವನ್ನೇ ಹಿಡಿದು ನಿಲ್ಲಿಸುತ್ತದೆ, ಉಳಿದ ದಿನಗಳಲ್ಲಿ ಧೂಳನ್ನು ಕಲೆಹಾಕುತ್ತದೆ.

ಆಂಪ್ಲಿಫೈಯರಿನೊಳಗೆ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು, ಕರಕರಗುಟ್ಟುವ ವಾಲ್ಯೂಮ್ ಗುಬ್ಬಿ, ಜಿರಲೆ ತಿಂದ ಸ್ಪೀಕರ್ ಕಾಗದ ಇವುಗಳನ್ನು ಪತ್ತೆ ಮಾಡುವುದು ಸುಲಭ: ಅದೇ ಆಂಪ್ಲಿಫೈಯರಿಗೆ ಮೊಬೈಲಿನ ಹಾಡನ್ನು ಕೊಟ್ಟಾಗಲೂ ಒಡಕಿದ್ದರೆ ದೋಷ ಅಲ್ಲಿಯದು. ಆದರೆ ವಾಲ್ವ್ ಇರುವ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಮನೆಯ ಕರೆಂಟು ನೇರವಾಗಿ ಒಳಗಿನ ಲೋಹದ ಚೌಕಟ್ಟಿಗೇ ತಾಕಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅಪಾಯದ ವೋಲ್ಟೇಜ್ ಉಳಿದಿರುತ್ತದೆ. ಅವುಗಳನ್ನು ಬಲ್ಲವರಿಗೇ ಬಿಡಬೇಕು.

ಯಂತ್ರ ಸರಿಯಾಗಿದ್ದೂ ಒಡಕು ಉಳಿಯುವ ತಟ್ಟೆಗಳಿರುತ್ತವೆ. ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದವರ ಅಂಗಡಿಗಳಿಂದ ಬಂದ ತಟ್ಟೆಗಳನ್ನು ಭಾರದ ಮುಳ್ಳಿನಡಿಯಲ್ಲಿ, ಬೀದಿಯ ಧೂಳಿನಲ್ಲಿ ಸಾವಿರ ಬಾರಿ ಓಡಿಸಿರುವುದರಿಂದ ಕೊಳ್ಳುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಸಾಲುಗಳು ಕಪ್ಪಗೆ ಹೊಳೆಯದೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಸವೆತ ಆಳದ್ದು. ಬೂಷ್ಟು ಮತ್ತು ಧೂಳನ್ನು ತೊಳೆಯುವಾಗ ವಿನೈಲಿಗೆ ಬಟ್ಟಿ ನೀರು, ಅದರಲ್ಲಿ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಬಹುದು, ನಡುವಿನ ಕಾಗದದ ಚೀಟಿ ನೆನೆಯಬಾರದು. ಅದೇ ನೀರನ್ನು ಅರಗಿನ ತಟ್ಟೆಗೆ ಸವರಿದರೆ ಆಲ್ಕೊಹಾಲ್ ಅರಗನ್ನು ಕರಗಿಸಿ ಹಾಡನ್ನೇ ಅಳಿಸಿಬಿಡುತ್ತದೆ. ಸವೆದ ಏಕದನಿಯ ತಟ್ಟೆಗೆ ಒಂದು ಉಪಾಯವಿದೆ: ಸಾಲಿನ ಗೋಡೆ ಸವೆದಿರುವುದು ಹಿಂದಿನ ಮುಳ್ಳು ತಾಕಿದ ಎತ್ತರದಲ್ಲಿ ಮಾತ್ರವಾದ್ದರಿಂದ ಅದಕ್ಕಿಂತ ತುಸು ದಪ್ಪನೆಯ ಅಥವಾ ತುಸು ತೆಳ್ಳನೆಯ ತುದಿಯ ಮುಳ್ಳನ್ನು ಹಾಕಿದರೆ ಅದು ಗೋಡೆಯ ಸವೆಯದ ಪಟ್ಟಿಯ ಮೇಲೆ ಓಡುತ್ತದೆ. ಸ್ಟೀರಿಯೊ ಕಾರ್ಟ್ರಿಜ್ಜಿನ ಎಡ ಬಲ ಎರಡು ತಂತಿಗಳನ್ನೂ ಕೂಡಿಸಿ ಏಕದನಿಯಾಗಿ ಕೇಳಿದರೆ ಮುಳ್ಳಿನ ಮೇಲೆ–ಕೆಳಗಿನ ಅದುರಾಟದಿಂದ ಬರುವ ಗದ್ದಲ ಒಂದನ್ನೊಂದು ಅಳಿಸಿಕೊಂಡು ಹಾಡು ಮುಂದೆ ಬರುತ್ತದೆ. ಅರಗಿನ ಕಾಲದ ಹಲವು ನಾಟಕದ ಹಾಡುಗಳಿಗೆ ಬೇರೆ ಪ್ರತಿ ಸಿಗುವುದು ಕಷ್ಟವಾದ್ದರಿಂದ, ಹೀಗೆ ಕೇಳುವಾಗಲೇ ಮೊಬೈಲಿಗೋ ಕಂಪ್ಯೂಟರಿಗೋ ತಂತಿ ಜೋಡಿಸಿ ಒಮ್ಮೆ ಧ್ವನಿಮುದ್ರಿಸಿಕೊಂಡರೆ ತಟ್ಟೆಯನ್ನು ಮತ್ತೆ ಮತ್ತೆ ಮುಳ್ಳಿಗೆ ಒಡ್ಡಬೇಕಾಗುವುದಿಲ್ಲ.